ಬಣ್ಣದ ಪದರಗಳ ನಡುವೆ ಬಟ್ಟೆ

ಚಿತ್ರ ಮುಗಿದ ಮೇಲೆ ಬಟ್ಟೆಯ ಚೂರು ಅಂಟಿಸಿದರೆ ಅದು ಸುಮ್ನೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅದಕ್ಕೇ ನಾನು ಬಟ್ಟೆಯನ್ನು ಮೊದಲೇ ತರುತ್ತೇನೆ. ಅದರ ಕೆಳಗೂ ಬಣ್ಣ ಇರಬೇಕು, ಮೇಲೂ ಇರಬೇಕು.

ತಳಕ್ಕೆ ಪ್ಲೈವುಡ್ ಹಲಗೆ, ಅದರ ಮೇಲೆ ಗೆಸ್ಸೊ, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ. ಕ್ಯಾನ್ವಾಸ್ ಆದರೆ ಭಾರಕ್ಕೆ ಜೋತು ಬೀಳುತ್ತದೆ. ಹೊಸ ಬಟ್ಟೆಯನ್ನು ತೊಳೆದು ಗಂಜಿ ತೆಗೆಯುತ್ತೇನೆ, ಇಲ್ಲದಿದ್ದರೆ ಅಂಟು ನೂಲಿನೊಳಗೆ ಇಳಿಯುವುದಿಲ್ಲ. ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡುತ್ತೇನೆ.

ಅಂಟಿಗೆ ಅಕ್ರಿಲಿಕ್ ಜೆಲ್ ಮೀಡಿಯಂ, ಅಂದರೆ ಬಣ್ಣ ಬೆರೆಸದ ದಪ್ಪ ಅಕ್ರಿಲಿಕ್. ಹಲಗೆಗೆ ಒಂದು ಕೈ, ಬಟ್ಟೆಯ ಹಿಂಬದಿಗೆ ಒಂದು ಕೈ. ನಡುವಿನಿಂದ ಅಂಚಿನ ಕಡೆಗೆ ರೋಲರ್ ಒತ್ತಿದರೆ ಗಾಳಿ ಹೊರಗೆ ಹೋಗುತ್ತದೆ. ಹಸಿಯಿದ್ದಾಗ ಹಾಲಿನಂತೆ ಬೆಳ್ಳಗಿರುವ ಜೆಲ್ ಒಣಗಿದಾಗ ತಿಳಿಯಾಗುತ್ತದೆ. ಆದರೆ ಜೆಲ್ ಕುಡಿದ ಬಟ್ಟೆ ಒಣಗಿದ ಮೇಲೂ ಒದ್ದೆ ಬಟ್ಟೆಯಷ್ಟೇ ಗಾಢವಾಗಿ ಉಳಿಯುತ್ತದೆ. ಹಾಗಾಗಿ ಬಟ್ಟೆಯನ್ನು ನೀರಲ್ಲಿ ಅದ್ದಿ, ಆ ಬಣ್ಣ ನೋಡಿಯೇ ಆರಿಸುತ್ತೇನೆ. ಕತ್ತರಿ ಕಡಿಮೆ, ಕೈಯಲ್ಲಿ ಹರಿಯುವುದೇ ಜಾಸ್ತಿ. ಎಳೆ ಬಿಚ್ಚಿದ ಅಂಚು ಬಣ್ಣದೊಳಗೆ ಚೆನ್ನಾಗಿ ಕರಗುತ್ತದೆ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ನೀರಾದ ಬಣ್ಣ ಹರಿಸಿದರೆ ಅದು ನೇಯ್ಗೆಯ ಸಂದಿಗೆ ಇಳಿಯುತ್ತದೆ. ಒಣ ಬ್ರಷ್ ಎಳೆದರೆ ನೂಲಿನ ಮೇಲ್ತುದಿ ಮಾತ್ರ ಹಿಡಿಯುತ್ತದೆ. ಒಂದೇ ಬಟ್ಟೆ ಎರಡು ಬಣ್ಣ! ಹೊಲಿಗೆಯ ಉಬ್ಬಿನ ಮೇಲೆ ಮರಳು ಕಾಗದ ಆಡಿಸಿದರೆ ಅಡಗಿದ್ದ ಹಳೆಯ ಪದರ ಗೆರೆಯಾಗಿ ಹೊರಬರುತ್ತದೆ. ಆರ್ಗಂಡಿಯಂಥ ತೆಳು ಬಟ್ಟೆ ಕೆಳಗಿನ ಬಣ್ಣವನ್ನು ಮಂಜಿನಲ್ಲಿಟ್ಟು ತೋರಿಸುತ್ತದೆ.

ಎಷ್ಟು ಮುಚ್ಚಬೇಕು? ಹೂವಿನ ಪ್ರಿಂಟ್ ಇದ್ದರೆ ಮುಕ್ಕಾಲು ಪಾಲು ಮುಚ್ಚುತ್ತೇನೆ, ಅದು ಮಾತಾಡಲು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಅಮೆರಿಕದ ಕಲಾವಿದ ರಾಬರ್ಟ್ ರೌಷನ್‌ಬರ್ಗ್ 1955ರಲ್ಲಿ ದಿಂಬು, ಹಾಸಿಗೆ ಬಟ್ಟೆ, ತೇಪೆಗಳಿಂದ ಹೊಲಿದ ಹೊದಿಕೆಯ ಮೇಲೆ ಬಣ್ಣ ಸುರಿದು 'ಬೆಡ್' ಮಾಡಿದಾಗ ಹೊದಿಕೆಯ ಚೌಕಗಳನ್ನು ಸಾಕಷ್ಟು ಹಾಗೇ ಬಿಟ್ಟರು. ಅದು ಯಾರೋ ಹೊದ್ದ ಬಟ್ಟೆ ಅಂತ ಗೊತ್ತಾಗುವುದೇ ಅಲ್ಲಿ ಮುಖ್ಯ, ಅಲ್ವಾ?

ಎಣ್ಣೆ ಬಣ್ಣ ಬೇಕೆನಿಸಿದರೆ ಕೊನೆಯ ಪದರಕ್ಕೆ ಮಾತ್ರ. ಅಗಸೆ ಎಣ್ಣೆ ನೇರವಾಗಿ ತಾಗಿದ ಹತ್ತಿ ಬಟ್ಟೆ ವರ್ಷಗಳಲ್ಲಿ ಪೆಡಸಾಗುತ್ತದೆ, ಆದ್ದರಿಂದ ಮೊದಲು ಅಕ್ರಿಲಿಕ್ ಪದರ ಕೊಟ್ಟು ಮುಚ್ಚುತ್ತೇನೆ. ಎಣ್ಣೆ ಬಣ್ಣದ ಮೇಲೆ ಮತ್ತೆ ಅಕ್ರಿಲಿಕ್ ಹಚ್ಚಿದರೆ ಅದು ಸರಿಯಾಗಿ ಕಚ್ಚುವುದಿಲ್ಲ.

ಮುಗಿದ ಚಿತ್ರಗಳನ್ನು ಮುಖಕ್ಕೆ ಮುಖ ತಾಗಿಸಿ ಇಡುವುದಿಲ್ಲ. ಸೆಕೆಗೆ ಅಕ್ರಿಲಿಕ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಡುವೆ ಸಿಲಿಕೋನ್ ಕಾಗದ ಇಡುತ್ತೇನೆ.