ಬೆಳಗಿನ ಮೊದಲ ಸಿಗರೇಟನ್ನು ಕೇಳಿ: ಧೂಮಪಾನ ಬಿಡುವ ರೋಗಿಗೆ ನೆರವಾಗುವ ಬಗೆ

ಧೂಮಪಾನಿ ರೋಗಿಯೊಬ್ಬರು ಎದುರು ಕುಳಿತಾಗ ದಿನಕ್ಕೆ ಎಷ್ಟು ಸೇದುತ್ತೀರಿ ಎಂದು ಕೇಳುವುದು ರೂಢಿ. ಆ ಪ್ರಶ್ನೆಗೆ ಸಂಕೋಚದಿಂದ ಒಂದೆರಡನ್ನು ಕಡಿಮೆ ಮಾಡಿ ಉತ್ತರಿಸುವವರೇ ಹೆಚ್ಚು. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂದು ಕೇಳಿ ನೋಡಿ. ಇದರಲ್ಲಿ ಆಪಾದನೆಯ ವಾಸನೆಯಿಲ್ಲ, ಉತ್ತರವೂ ನೇರವಾಗಿ ಬರುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ರಾತ್ರಿಯ ನಿದ್ದೆ ಮಿದುಳಿನ ಪಾಲಿಗೆ ಒಂದು ದೀರ್ಘ ಉಪವಾಸ. ಆ ಉಪವಾಸವನ್ನು ಎದ್ದ 5 ನಿಮಿಷದೊಳಗೆ ಮುರಿಯುವವರಿಗೆ, ನಿಕೋಟಿನ್ ಅವಲಂಬನೆಯನ್ನು ಅಳೆಯುವ ಫಾಗರ್‌ಸ್ಟ್ರಾಮ್ ಪರೀಕ್ಷೆಯಲ್ಲಿ ಈ ಒಂದು ಪ್ರಶ್ನೆಗೇ ಒಟ್ಟು 10ರಲ್ಲಿ 3 ಅಂಕಗಳು ಬೀಳುತ್ತವೆ.

ಅವಲಂಬನೆಯ ತೀವ್ರತೆ ತಿಳಿದ ಮೇಲೆ, ಬಿಡಬೇಕೆಂಬ ಮಾತನ್ನು ಸ್ಪಷ್ಟವಾಗಿ, ಗದರಿಕೆಯಿಲ್ಲದೆ ಹೇಳಿ, ಎರಡು ವಾರದೊಳಗಿನ ಒಂದು ದಿನವನ್ನು ರೋಗಿಯೇ ಗೊತ್ತುಮಾಡಿಕೊಳ್ಳುವಂತೆ ನೋಡಿಕೊಳ್ಳಬೇಕು. ಮುಂದೆ ಏನಾಗಲಿದೆ ಎಂಬುದನ್ನೂ ಮುಚ್ಚಿಡಬಾರದು: ಸಿಡುಕು, ನಿದ್ದೆಗೇಡು, ಏಕಾಗ್ರತೆಯ ಕೊರತೆ, ಅತಿಯಾದ ಹಸಿವು ಮೊದಲ ವಾರದಲ್ಲಿ ತಾರಕಕ್ಕೇರಿ, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಗ್ಗುತ್ತವೆ. ಸೇದಬೇಕೆಂಬ ಒಂದೊಂದು ತುಡಿತ ಮಾತ್ರ ಕೆಲವೇ ನಿಮಿಷಗಳದ್ದು. ಅದು ಎದ್ದಾಗ ಎಲ್ಲಿಗೆ ಹೋಗುತ್ತೀರಿ, ಕೈಯಲ್ಲಿ ಏನು ಹಿಡಿಯುತ್ತೀರಿ ಎಂಬುದನ್ನು ಮೊದಲೇ ಮಾತಾಡಿಟ್ಟುಕೊಳ್ಳುವುದು ಲೇಸು.

ಔಷಧಿಯ ವಿಷಯದಲ್ಲಿ ನಾನು ಪದೇ ಪದೇ ಕಾಣುವ ತಪ್ಪು ಅಳತೆಯದು. ಇಚ್ಛಾಶಕ್ತಿ ಸಾಲದು ಎಂದು ರೋಗಿಯನ್ನು ದೂರುವ ಮೊದಲು ಔಷಧಿ ಸಾಕಾಗಿತ್ತೇ ಎಂದು ವಿಚಾರಿಸುವುದು ನ್ಯಾಯ. ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟು ಸೇದುವವರಿಗೆ ಚರ್ಮಕ್ಕೆ ಅಂಟಿಸುವ 21 ಮಿಲಿಗ್ರಾಂ ನಿಕೋಟಿನ್ ಪ್ಯಾಚ್‌ನಿಂದ ಆರಂಭಿಸಿ, 6 ವಾರಗಳ ನಂತರ 14ಕ್ಕೆ, ಮತ್ತೆ 2 ವಾರಗಳ ಬಳಿಕ 7ಕ್ಕೆ ಇಳಿಸುವುದು ವಾಡಿಕೆ. ಪ್ಯಾಚ್ ದಿನವಿಡೀ ಒಂದು ಮಟ್ಟವನ್ನು ಕಾಯುತ್ತದೆಯೇ ಹೊರತು ದಿಢೀರನೆ ಏಳುವ ತುಡಿತವನ್ನು ತಡೆಯಲಾರದು. ಅದಕ್ಕೆಂದೇ ಜೊತೆಯಲ್ಲಿ ನಿಕೋಟಿನ್ ಗಮ್ ಅಥವಾ ಚೀಪುವ ಲೋಜೆಂಜ್ ಕೊಡಬೇಕು. ಎದ್ದ 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2 ಮಿಲಿಗ್ರಾಂ. ಮೊದಲ ಪ್ರಶ್ನೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಗಮ್ಮನ್ನು ಕೈಗಿಟ್ಟು ಕಳಿಸಿದರೆ ಸಾಲದು, ಎದುರಿಗೇ ಅಗಿಸಿ ತೋರಿಸಬೇಕು. ಹೆಚ್ಚಿನವರು ಅದನ್ನು ಮಿಠಾಯಿಯಂತೆ ಒಂದೇ ಸಮನೆ ಜಗಿಯುತ್ತಾರೆ, ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗಿಳಿಯುತ್ತದೆ, ಬಿಕ್ಕಳಿಕೆಯೂ ಎದೆಯುರಿಯೂ ಶುರುವಾಗುತ್ತವೆ, ‘ಇದು ನನಗೆ ಒಗ್ಗುವುದಿಲ್ಲ’ ಎಂಬ ತೀರ್ಮಾನವೂ ಅಲ್ಲೇ ಆಗಿಬಿಡುತ್ತದೆ. ಖಾರದ ರುಚಿ ಅಥವಾ ಚುಮುಚುಮು ಎನ್ನಿಸುವವರೆಗೆ ನಿಧಾನವಾಗಿ ನಾಲ್ಕಾರು ಸಲ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟು, ಆ ಅನುಭವ ಮಾಸಿದ ಮೇಲೆ ಮತ್ತೆ ಅಗಿದು ಜಾಗ ಬದಲಿಸಬೇಕು. ಹೀಗೆ ಒಂದು ಗಮ್ ಸುಮಾರು 30 ನಿಮಿಷ ಬಾಳುತ್ತದೆ. ಬಾಯಿ ಆಮ್ಲೀಯವಾಗಿದ್ದರೆ ಒಳಪೊರೆ ನಿಕೋಟಿನನ್ನು ಸರಿಯಾಗಿ ಹೀರಿಕೊಳ್ಳದು, ಆದ್ದರಿಂದ ಕಾಫಿ, ಹಣ್ಣಿನ ರಸ, ಸೋಡಾಗಳನ್ನು 15 ನಿಮಿಷ ಮುಂಚೆಯೇ ನಿಲ್ಲಿಸಬೇಕು. ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಗಮ್ಮಿನದು ರಕ್ತದಲ್ಲಿ ಗರಿಷ್ಠ ಮಟ್ಟಕ್ಕೇರಲು ಅರ್ಧ ಗಂಟೆಯೇ ಹಿಡಿಯಬಹುದು ಎಂಬುದನ್ನೂ ತಿಳಿಸಿದರೆ ರೋಗಿ ತುಡಿತ ಏರುವವರೆಗೆ ಕಾಯದೆ, ಬೆಳಿಗ್ಗೆ ಎದ್ದ ತಕ್ಷಣವೇ ಒಂದನ್ನು ಬಾಯಿಗಿಡುತ್ತಾರೆ.

ತುಡಿತ ತಗ್ಗಿಸುವ, ನಿಕೋಟಿನ್ ಇಲ್ಲದ ಮಾತ್ರೆಯಾದ ವರೆನಿಕ್ಲಿನ್ ಕೊಡುವುದಾದರೆ ಬಿಡುವ ದಿನಕ್ಕೆ ಒಂದು ವಾರ ಮೊದಲೇ ಆರಂಭಿಸಬೇಕು: 3 ದಿನ ದಿನಕ್ಕೊಮ್ಮೆ 0.5 ಮಿಲಿಗ್ರಾಂ, ಮುಂದಿನ 4 ದಿನ ಅದೇ ಪ್ರಮಾಣ ದಿನಕ್ಕೆರಡು ಬಾರಿ, 8ನೇ ದಿನದಿಂದ 1 ಮಿಲಿಗ್ರಾಂ ಎರಡು ಬಾರಿ, ಒಟ್ಟು 12 ವಾರ. ಊಟದ ನಂತರ ತುಂಬು ಲೋಟ ನೀರಿನೊಂದಿಗೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಮೂತ್ರಪಿಂಡ ತೀವ್ರವಾಗಿ ಕುಗ್ಗಿದವರಲ್ಲಿ ಪ್ರಮಾಣ ಇಳಿಸಬೇಕಾಗುತ್ತದೆ. ಬುಪ್ರೊಪಿಯಾನ್ ಇನ್ನೊಂದು ಆಯ್ಕೆ, ಆದರೆ ಅಪಸ್ಮಾರ ಇದ್ದವರಿಗೆ ಸಲ್ಲದು. ಗರ್ಭಿಣಿಯರಲ್ಲಿ ಮೊದಲು ಸಮಾಲೋಚನೆಯನ್ನೇ ನೆಚ್ಚುವುದು ಸರಿ.

ಇತರ ಔಷಧಿಗಳ ಚೀಟಿಯನ್ನೂ ಒಮ್ಮೆ ನೋಡಬೇಕು; ಇದು ಸುಲಭವಾಗಿ ಕಣ್ತಪ್ಪುವ ಸಂಗತಿ. ಹೊಗೆಯಲ್ಲಿನ ಹೈಡ್ರೋಕಾರ್ಬನ್‌ಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಉಬ್ಬಸದ ಔಷಧಿ ಥಿಯೋಫಿಲಿನ್, ಮನೋರೋಗದ ಔಷಧಿಗಳಾದ ಕ್ಲೋಜಪಿನ್, ಒಲಾಂಜಪಿನ್‌ಗಳನ್ನು ಬೇಗ ಕರಗಿಸುತ್ತಿರುತ್ತವೆ. ಸೇದುವುದು ನಿಂತಾಗ ರಕ್ತದಲ್ಲಿ ಅವುಗಳ ಮಟ್ಟ ಏರಿ, ಅದೇ ಮಾತ್ರೆ ಅತಿಯಾಗಿಬಿಡಬಹುದು. ಈ ಏರಿಕೆ ಕೆಫೀನಿಗೂ ಅನ್ವಯಿಸುವುದರಿಂದ, ನಡುಕ, ಎದೆಬಡಿತ, ನಿದ್ದೆಗೇಡುಗಳೆಲ್ಲ ನಿಕೋಟಿನ್ ಬಿಟ್ಟದ್ದರಿಂದಲೇ ಎಂದುಕೊಳ್ಳದೆ ಕಾಫಿಯನ್ನು ಅರ್ಧಕ್ಕಿಳಿಸಲು ಹೇಳಿ.

ಬಿಟ್ಟ ಮೊದಲ ವಾರದಲ್ಲೇ ಒಮ್ಮೆ ಕರೆಮಾಡಿ ಅಥವಾ ಬರಹೇಳಿ. ನಡುವೆ ಒಂದು ಸಿಗರೇಟು ಸೇದಿದ್ದರೆ, ಗಾಬರಿಯಲ್ಲಿ ಪ್ಯಾಚ್ ಕಿತ್ತೆಸೆದು ಚಿಕಿತ್ಸೆಯನ್ನೇ ಕೈಬಿಡುವವರಿದ್ದಾರೆ. ಹಾಗೆ ಮಾಡದೆ ಮುಂದುವರಿಸಲು ತಿಳಿಸಬೇಕು. ಆ ಸಿಗರೇಟನ್ನು ಹಚ್ಚಿದ್ದು ಎಷ್ಟು ಗಂಟೆಗೆ, ಯಾರ ಜೊತೆ, ಆಗ ಜೇಬಿನಲ್ಲಿ ಗಮ್ ಇತ್ತೇ ಎಂದು ಕೇಳಿ. ಎದ್ದ ಕೂಡಲೇ ಹಚ್ಚಿದ್ದರೆ, ನಿದ್ದೆ ಕೆಡುತ್ತದೆಂದು ರಾತ್ರಿ ಪ್ಯಾಚ್ ತೆಗೆದಿಟ್ಟಿದ್ದರೇ ಎಂದು ವಿಚಾರಿಸಿ, ಮರುದಿನದಿಂದ ಹಾಸಿಗೆಯ ಪಕ್ಕದಲ್ಲೇ ಗಮ್ ಇಟ್ಟುಕೊಂಡು ಮಲಗುವ ಏರ್ಪಾಡು ಮಾಡಿ.