ಸರ್ಕ್ಯೂಟ್ ಲೆಕ್ಕ: ಮೊದಲು ಬಾಣ, ಆಮೇಲೆ ಸೂತ್ರ

ರಾಯಚೂರಿನ ಯಾವ ಟ್ಯೂಷನ್‌ ಕ್ಲಾಸಿಗಾದರೂ ಹೋಗಿ ನೋಡಿ. ಸರ್ಕ್ಯೂಟ್ ಲೆಕ್ಕ ಕೊಟ್ಟ ಕೂಡಲೇ ಪಿಯುಸಿ ಮಕ್ಕಳು ಸೂತ್ರ ಹುಡುಕಲು ಶುರು ಮಾಡುತ್ತಾರೆ. ಸೂತ್ರ ಇರುವುದೇ ಒಂದೆರಡು. ಲೆಕ್ಕ ಕೈಕೊಡುವುದು ದಿಕ್ಕಿನಲ್ಲಿ. ಹಾಗಾಗಿ ಮೊದಲು ಪೆನ್ಸಿಲ್ ಹಿಡಿದು ಚಿತ್ರ ಬರೆಯಿರಿ, ದೊಡ್ಡದಾಗಿ.

ಒಂದು ಲೆಕ್ಕ ಮಾಡಿಯೇ ನೋಡೋಣ. ಮೇಲೊಂದು ಜಂಕ್ಷನ್ (ತಂತಿಗಳು ಕೂಡುವ ಜಾಗ), ಕೆಳಗೊಂದು ಜಂಕ್ಷನ್, ಅವುಗಳ ನಡುವೆ ಮೂರು ದಾರಿ. ಎಡದ ದಾರಿಯಲ್ಲಿ 12 ವೋಲ್ಟ್ ಬ್ಯಾಟರಿ, 2 ಓಮ್ ರೆಸಿಸ್ಟರ್. ಬಲದಲ್ಲಿ 4 ವೋಲ್ಟ್, 2 ಓಮ್. ಮಧ್ಯದಲ್ಲಿ ಬರೀ 3 ಓಮ್. ಎರಡೂ ಬ್ಯಾಟರಿಗಳ ಪ್ಲಸ್ ಮೇಲಕ್ಕಿದೆ.

ಈಗ ಬಾಣ ಹಾಕಿ. ಎಡದಲ್ಲಿ ಕರೆಂಟ್ ಐ1 ಮೇಲಕ್ಕೆ, ಬಲದಲ್ಲಿ ಕರೆಂಟ್ ಐ2 ಮೇಲಕ್ಕೆ. ನಿಜವಾದ ದಿಕ್ಕು ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ಒಂದು ದಿಕ್ಕು ಹಿಡಿಯಿರಿ. ಒಮ್ಮೆ ಹಾಕಿದ ಬಾಣವನ್ನು ಮಾತ್ರ ನಡುವೆ ಬದಲಿಸಬೇಡಿ.

ಜಂಕ್ಷನ್ ನಿಯಮ ಕಾಲುವೆ ಸೀಳುವ ಜಾಗದ ಹಾಗೆ: ಬಂದಷ್ಟೇ ಹೋಗಬೇಕು. ಮಾನ್ವಿ ಕಡೆ ಕಾಲುವೆಯ ಕೊನೆ ಭಾಗದ ರೈತರು ನಕ್ಕಾರು, ಆದರೆ ಸರ್ಕ್ಯೂಟಿನಲ್ಲಿ ನಡುದಾರಿಯ ನೀರುಗಳ್ಳತನದಂಥದ್ದು ಇಲ್ಲ. ಮಧ್ಯದ ದಾರಿಯಲ್ಲಿ ಇಳಿಯುವ ಕರೆಂಟ್ ಐ1 + ಐ2, ಅಷ್ಟೆ.

ಮುಂದೆ ಲೂಪ್, ಅಂದರೆ ಹೊರಟ ಜಾಗಕ್ಕೇ ವಾಪಸ್ ಬರುವ ಸುತ್ತು. ಕರೆಂಟಿನ ಜೊತೆಗೇ ರೆಸಿಸ್ಟರ್ ದಾಟಿದರೆ ಮೈನಸ್. ಬ್ಯಾಟರಿಯನ್ನು ಮೈನಸ್‌ನಿಂದ ಪ್ಲಸ್‌ಗೆ ದಾಟಿದರೆ ಪ್ಲಸ್. ಒಂದು ಸುತ್ತು ಬಂದಾಗ ಮೊತ್ತ ಸೊನ್ನೆ.

ಎಡ ಲೂಪ್: 12 − 2 ಐ1 − 3(ಐ1 + ಐ2) = 0, ಅಂದರೆ 5 ಐ1 + 3 ಐ2 = 12.
ಬಲ ಲೂಪ್: 4 − 2 ಐ2 − 3(ಐ1 + ಐ2) = 0, ಅಂದರೆ 3 ಐ1 + 5 ಐ2 = 4.

ಬಿಡಿಸಿದರೆ ಐ1 = 3 ಆಂಪಿಯರ್, ಐ2 = −1 ಆಂಪಿಯರ್. ಮೈನಸ್ ಬಂತಲ್ಲ ಎಂದು ಇಲ್ಲೇ ಎಷ್ಟೋ ಮಕ್ಕಳು ಉತ್ತರ ಹೊಡೆದು ಹಾಕಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಬೇಡ! ಬಲಗಡೆಯ ಕರೆಂಟ್ ನಾವು ಹಾಕಿದ ಬಾಣಕ್ಕೆ ಎದುರಾಗಿ, ಕೆಳಕ್ಕೆ ಹರಿಯುತ್ತಿದೆ. 4 ವೋಲ್ಟ್ ಬ್ಯಾಟರಿ ಚಾರ್ಜ್ ಆಗುತ್ತಿದೆ.

ಅನುಮಾನ ಇದ್ದರೆ ಪವರ್ ಲೆಕ್ಕ ಹಾಕಿ. 12 ವೋಲ್ಟ್ ಬ್ಯಾಟರಿ ಕೊಟ್ಟಿದ್ದು 36 ವ್ಯಾಟ್. ರೆಸಿಸ್ಟರ್‌ಗಳಲ್ಲಿ ಹೋಗಿದ್ದು 18, 12, 2. ಚಾರ್ಜ್ ಆಗುವ ಬ್ಯಾಟರಿಗೆ 4. ಕೂಡಿಸಿ, 36 ಸರಿಹೋಯಿತು. ಉತ್ತರ ನೋಡಲು ಪುಸ್ತಕದ ಕೊನೆ ಪುಟಕ್ಕೆ ಹಾರುವ ಬದಲು ಈ ಅಭ್ಯಾಸ ಮಾಡಿಕೊಳ್ಳಿ. ಅಂದಹಾಗೆ, 1845ರಲ್ಲಿ ಈ ಜಂಕ್ಷನ್, ಲೂಪ್ ನಿಯಮಗಳನ್ನು ಕೊಟ್ಟಾಗ ಜರ್ಮನ್ ವಿಜ್ಞಾನಿ ಕಿರ್ಚಾಫ್ ಕೂಡ ಇನ್ನೂ ವಿದ್ಯಾರ್ಥಿಯೇ.

ಕಾಂತಕ್ಷೇತ್ರದ ಲೆಕ್ಕದಲ್ಲೂ ಮೊದಲು ದಿಕ್ಕು. ಉದ್ದನೆಯ ತಂತಿಯಲ್ಲಿ 20 ಆಂಪಿಯರ್ ಕರೆಂಟ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಿದೆ. ತಂತಿಯ 10 ಸೆಂ.ಮೀ. ಕೆಳಗೆ ಕ್ಷೇತ್ರ ಎಷ್ಟು? ಬಲಗೈ ಹೆಬ್ಬೆರಳನ್ನು ಉತ್ತರಕ್ಕೆ ಚಾಚಿ, ಉಳಿದ ಬೆರಳು ಮಡಚಿ. ತಂತಿಯ ಕೆಳಗೆ ಬೆರಳುಗಳು ಪಶ್ಚಿಮಕ್ಕೆ ತಿರುಗುತ್ತವೆ. ಬರೆಯುವ ಕೈ ಬಲಗೈ ಆದರೆ ಪೆನ್ನು ಕೆಳಗಿಡಿ. ಪರೀಕ್ಷೆಯ ಗಡಿಬಿಡಿಯಲ್ಲಿ ಎಡಗೈ ತೋರಿಸಿ ದಿಕ್ಕು ಉಲ್ಟಾ ಮಾಡಿಕೊಳ್ಳುವವರು ಜಾಸ್ತಿ.

ಸೂತ್ರ: 2 × 10⁻⁷ × ಕರೆಂಟ್ ÷ ದೂರ. ದೂರ ಮೀಟರಿನಲ್ಲಿ ಇರಲಿ, 0.1. ಉತ್ತರ 4 × 10⁻⁵ ಟೆಸ್ಲಾ, ಅಂದರೆ 40 ಮೈಕ್ರೊಟೆಸ್ಲಾ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರದ ಅಡ್ಡ (ನೆಲಕ್ಕೆ ಸಮಾನಾಂತರವಾದ) ಭಾಗವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅಲ್ಲಿಟ್ಟ ದಿಕ್ಸೂಚಿಯ ಮುಳ್ಳು ಸುಮಾರು 45 ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ. 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್‌ಸ್ಟೆಡ್ ಕಂಡಿದ್ದೂ ಮುಳ್ಳಿನ ಇಂಥ ವಾಲಾಟವನ್ನೇ.

ಎರಡು ತಂತಿ ಕೊಟ್ಟರೆ ಹೆದರಬೇಡಿ. ಒಂದೊಂದಕ್ಕೇ ಬೇರೆ ಬೇರೆ ಲೆಕ್ಕ ಹಾಕಿ, ದಿಕ್ಕು ನೋಡಿ ಕೂಡಿಸಿ ಅಥವಾ ಕಳೆಯಿರಿ. 20 ಸೆಂ.ಮೀ. ಅಂತರದ ಎರಡು ತಂತಿಯಲ್ಲೂ 20 ಆಂಪಿಯರ್ ಒಂದೇ ದಿಕ್ಕಿಗೆ ಹರಿದರೆ ಸರಿಯಾಗಿ ನಡುವೆ ಸೊನ್ನೆ. ಎದುರುಬದುರಾದರೆ 80 ಮೈಕ್ರೊಟೆಸ್ಲಾ.

ಮನೆಯಲ್ಲಿ ಮಾಡಿ ನೋಡುವ ಆಸೆಯಿದ್ದರೆ ಕರೆಂಟ್ ಬೋರ್ಡ್, ಪಂಪ್‌ಸೆಟ್ ವೈರಿನ ತಂಟೆಗೆ ಹೋಗಬೇಡಿ. ಟಾರ್ಚ್ ಸೆಲ್ ಸಾಕು. ತಂತಿಯನ್ನು ಮುಳ್ಳಿನ 1 ಸೆಂ.ಮೀ. ಮೇಲೆ ಹಿಡಿದರೆ 2 ಆಂಪಿಯರ್‌ಗೇ ಅದೇ 40 ಮೈಕ್ರೊಟೆಸ್ಲಾ ಸಿಗುತ್ತದೆ. ಒಂದೆರಡು ಸೆಕೆಂಡಿನಲ್ಲಿ ತೆಗೆದುಬಿಡಿ, ತಂತಿ ಕೈ ಸುಡುತ್ತದೆ.