ಏರ್ ರೈಫಲ್‌ಗೆ ಪೆಲೆಟ್ ಆರಿಸುವುದು ಹೇಗೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರು. ಮನೆಯಲ್ಲಿ ಎನ್‌ಸಿಸಿ ಸೇರಿದ ಮಗನೋ ಮಗಳೋ ಇದ್ದರೆ, "ಅಪ್ಪಾ, ನನಗೂ ಒಂದು ಏರ್ ರೈಫಲ್ ಕೊಡಸು" ಅನ್ನುವ ಮಾತು ಬೆಳಗಾವಿ, ವಿಜಯಪುರದ ಕಡೆ ಹೊಸದಲ್ಲ. ರೈಫಲ್ ಕೊಳ್ಳುವಾಗ ನಾಲ್ಕು ಜನರನ್ನು ಕೇಳುತ್ತೇವೆ. ಅದರೊಳಗೆ ಹಾಕುವ ಸಣ್ಣ ಸೀಸದ ಗುಂಡು, ಅಂದರೆ ಪೆಲೆಟ್ ಮಾತ್ರ ಅಂಗಡಿಯವರು ಕೊಟ್ಟಿದ್ದೇ ಸರಿ ಅಂತ ತರುತ್ತೇವೆ. ಕಡೆಗೆ ಗುರಿಯ ಕಾರ್ಡಿಗೆ ಹೋಗಿ ತಾಗುವುದು ಅದೇ ಅಲ್ವಾ?

ಶಿಕಾರಿಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಖಾನಾಪುರದ ಕಡೆ ಹಳೇ ಮನೆಗಳಲ್ಲಿ ಅಜ್ಜಂದಿರ ಜಿಂಕೆ ಬೇಟೆಯ ಕಥೆಗಳು ಇನ್ನೂ ಓಡಾಡುತ್ತವೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ಕಥೆಯಾಗಿಯೇ ಇರಬೇಕು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಂತೂ ಜಿಂಕೆಯಂಥ ಸಣ್ಣ ಪ್ರಾಣಿ ಚಿಂಕಾರಗಳಿಗೆಂದೇ ಅಭಯಾರಣ್ಯವಿದೆ. ಏರ್ ರೈಫಲ್ ಹಿಡಿದು ಮೊಲ, ನವಿಲು ಎಂದು ಹೊಲಕ್ಕೆ ಇಳಿದರೂ ಕೇಸ್ ಬೀಳುತ್ತದೆ. ಜಿಂಕೆ ಬೇಟೆಗೆ ಲೈಸೆನ್ಸ್ ಕೊಡುವ ಅಮೆರಿಕದಂಥ ಕಡೆ ಬೇಟೆಗಾರರು ಮೈಗೆ ತಾಗಿದ ಕೂಡಲೇ ಮೂತಿ ಅರಳುವ ಗುಂಡು ಹುಡುಕುತ್ತಾರೆ. ಪ್ರಾಣಿ ಗಾಯಗೊಂಡು ನರಳುತ್ತಾ ಓಡಬಾರದು, ಬೇಗ ಬೀಳಬೇಕು ಅನ್ನುವುದು ಅವರ ಲೆಕ್ಕ. ನಮಗೆ ಬೇಕಾದದ್ದು ಬೇರೆಯೇ: ಕಾಗದದಲ್ಲಿ ಒಂದು ಸ್ವಚ್ಛ ತೂತು.

ಲೈಸೆನ್ಸ್ ಚಿಂತೆ ಬೇಡ. 2016ರ ಆರ್ಮ್ಸ್ ನಿಯಮಗಳ ಪ್ರಕಾರ ನಳಿಕೆಯ ಒಳ ಅಗಲ .177 ಇಂಚು (4.5 ಮಿಲಿಮೀಟರ್) ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 7.7 ಜೂಲ್. ಆರಾಮಾಗಿ ಮಿತಿಯೊಳಗೇ ಇದೆ.

ಮೊದಲು ಮೂತಿ ನೋಡಿ

ಡಬ್ಬಿ ತೆರೆದು ಒಂದು ಪೆಲೆಟ್ ಕೈಗೆ ತೆಗೆದುಕೊಳ್ಳಿ. ಡಮರುಗದ ಹಾಗೆ ನಡು ಸಣ್ಣ. ಮುಂದೆ ಗಟ್ಟಿ ತಲೆ, ಹಿಂದೆ ಟೊಳ್ಳು ಪಾವಡೆ. ಹಿಂದಿನಿಂದ ಗಾಳಿ ನುಗ್ಗಿದಾಗ ಆ ತೆಳು ಪಾವಡೆ ಅಗಲಾಗಿ ನಳಿಕೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಪೆಲೆಟ್ ತಿರುಗುತ್ತಾ ಹೊರಡುವುದು ಹೀಗೆ. ಪೆಲೆಟ್‌ಗೆ ಮೆತ್ತನೆ ಸೀಸ ಬಳಸುವುದೂ ಇದಕ್ಕೇ. ಉಕ್ಕಿನ ದುಂಡು ಬಿಬಿಗಳನ್ನು ಗೀರಿರುವ ನಳಿಕೆಗೆ ಹಾಕಲೇಬೇಡಿ, ಗೀರು ಹಾಳಾಗುತ್ತದೆ.

ಅಂಗಡಿಯಲ್ಲಿ ಚೂಪು ಮೂತಿ, ದುಂಡು ಮೂತಿ, ಟೊಳ್ಳು ಮೂತಿ, ಚಪ್ಪಟೆ ಮೂತಿ ಎಲ್ಲ ಸಿಗುತ್ತವೆ. ಚೂಪಿನದು ನೋಡಲು ಜೋರು, ಮಕ್ಕಳು ಅದಕ್ಕೇ ಕೈ ಹಾಕುತ್ತಾರೆ. 10 ಮೀಟರ್ ಅಭ್ಯಾಸಕ್ಕೆ ಚಪ್ಪಟೆ ಮೂತಿಯದೇ ಸರಿ. ಅದು ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ. ಪಂದ್ಯದ ಕಾರ್ಡಿನಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್. ತೂತಿನ ಅಂಚು ಹರಿದಿದ್ದರೆ ಅಂಕ ಎಣಿಸುವಾಗ ಜಗಳವೇ. ದುಂಡು ಮೂತಿಯವು ಇಪ್ಪತ್ತು, ಮೂವತ್ತು ಮೀಟರ್ ದೂರಕ್ಕೆ ಒಳ್ಳೆಯವು.

ಆಮೇಲೆ ತೂಕ, ಅಳತೆ

ಡಬ್ಬಿಯ ಮೇಲೆ ಗ್ರೇನ್ ಲೆಕ್ಕದಲ್ಲಿ ತೂಕ ಇರುತ್ತದೆ. ರೈಫಲ್ ಪಂದ್ಯಕ್ಕೆ 8.2 ಗ್ರೇನ್, ಅಂದರೆ 0.53 ಗ್ರಾಂ ಸಾಮಾನ್ಯ. ಪಿಸ್ತೂಲಿನವು ಸ್ವಲ್ಪ ಹಗುರ. ಪಂದ್ಯದ ಪೆಲೆಟ್‌ಗಳಲ್ಲಿ ತಲೆಯ ಅಳತೆಯೂ ಇರುತ್ತದೆ: 4.49, 4.50, 4.51 ಮಿಲಿಮೀಟರ್ ಹೀಗೆ. ಈ ಕೂದಲೆಳೆ ವ್ಯತ್ಯಾಸ ಕೆಲವು ನಳಿಕೆಗಳಿಗೆ ಗೊತ್ತಾಗುತ್ತದೆ, ಕೆಲವಕ್ಕೆ ಇಲ್ಲ.

ಕಲಿಯುವವರಿಗೆ ಇದೆಲ್ಲ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಂತು ಹೊಡೆದ ಐದು ಏಟಿನಲ್ಲಿ ಐದೂ ಎಂಟು ಅಂಕದ ವರ್ತುಲದೊಳಗೆ ಬೀಳುವ ತನಕ ಅಗ್ಗದ ಚಪ್ಪಟೆ ಪೆಲೆಟ್ ಸಾಕು. ಅಲ್ಲಿಯವರೆಗೆ ತಪ್ಪೆಲ್ಲ ಕೈಯದು, ಉಸಿರಿನದು. ಜರ್ಮನಿಯ ದುಬಾರಿ ಡಬ್ಬಿ ತಂದರೆ ಸುಮ್ನೆ ದುಡ್ಡು ಖರ್ಚು.

ನಳಿಕೆಗೆ ಯಾವುದು ಇಷ್ಟ?

ಅಸಲಿ ಕೆಲಸ ಇಲ್ಲಿದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳಿಗೂ ಬೇರೆ ಬೇರೆ ಪೆಲೆಟ್ ಹಿಡಿಸಬಹುದು. ಬೆಲೆ ನೋಡಿ ಇದನ್ನು ತಿಳಿಯಲು ಆಗುವುದಿಲ್ಲ, ಹೊಡೆದೇ ನೋಡಬೇಕು. ಗೆಳೆಯರ ಹತ್ತಿರ ಬೇರೆ ಬೇರೆ ಡಬ್ಬಿಗಳಿದ್ದರೆ ಸ್ವಲ್ಪ ಸ್ವಲ್ಪ ಇಸಿದುಕೊಳ್ಳಿ.

ಗಾಳಿಯಿಲ್ಲದ ಉದ್ದನೆ ಜಾಗ ಹುಡುಕಿ. ಕಾರ್ಡಿನ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಆ ಕಡೆ ಬಾಗಿಲಿದ್ದರೆ ಚಿಲಕ ಹಾಕಿ. ಮೇಜಿನ ಮೇಲೆ ಜೋಳ ತುಂಬಿದ ಸಣ್ಣ ಚೀಲ ಇಟ್ಟು ರೈಫಲ್ ಅದರ ಮೇಲೆ ಕೂರಿಸಿ. ಸ್ಪ್ರಿಂಗ್ ಬಲದಿಂದ ಗಾಳಿ ನೂಕುವ ರೈಫಲ್ ಆದರೆ ಚೀಲದ ಮೇಲೆ ಅಂಗೈ ಇಟ್ಟು, ಅಂಗೈ ಮೇಲೆ ರೈಫಲ್ ಇಡಿ, ಬಿಗಿ ಹಿಡಿಯಬೇಡಿ. ಸ್ಪ್ರಿಂಗ್ ಬಿಟ್ಟಾಗ ರೈಫಲ್ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ, ಪ್ರತಿ ಸಲವೂ ಅದು ಒಂದೇ ರೀತಿ ಜಿಗಿಯಬೇಕು.

ಹೊಸ ಪೆಲೆಟ್ ಹಾಕಿದಾಗ ಮೊದಲ ಹತ್ತು, ಹದಿನೈದು ಏಟು ಲೆಕ್ಕಕ್ಕಿಲ್ಲ. ಹಳೇ ಪೆಲೆಟ್‌ನ ಸೀಸ ನಳಿಕೆಯಲ್ಲಿ ಮೆತ್ತಿರುತ್ತದೆ. ಆಮೇಲೆ ಒಂದು ಕಾರ್ಡಿಗೆ ಐದು ಏಟು, ಹೀಗೆ ನಾಲ್ಕು ಕಾರ್ಡು. ಕಾರ್ಡಿನ ಹಿಂದೆ ಪೆಲೆಟ್ ಹೆಸರು ಬರೆದಿಡಿ. ಏಟು ಎಲ್ಲಿ ಬಿತ್ತು ಅನ್ನುವುದು ಈಗ ಮುಖ್ಯವಲ್ಲ, ಅದನ್ನು ರೈಫಲ್ ಮೇಲಿನ ಗುರಿ ನೋಡುವ ಸೈಟ್ ತಿರುಗಿಸಿ ಸರಿಮಾಡಬಹುದು. ಐದೂ ಎಷ್ಟು ಹತ್ತಿರ ಬಿದ್ದಿವೆ, ಅದನ್ನು ನೋಡಿ. ಗುಂಪಿನ ಈ ತುದಿಯಿಂದ ಆ ತುದಿಗೆ ಅಳೆದು ಒಂದು ಪೆಲೆಟ್‌ನ ಅಗಲ 4.5 ಮಿಲಿಮೀಟರ್ ಕಳೆಯಿರಿ. ನಾಲ್ಕು ಕಾರ್ಡುಗಳ ಸರಾಸರಿ ಯಾವ ಪೆಲೆಟ್‌ಗೆ ಕಡಿಮೆಯೋ ಅದೇ ನಿಮ್ಮದು. ಒಂದೇ ಒಂದು ಚೆಂದದ ಕಾರ್ಡು ನೋಡಿ ಮರುಳಾಗಬೇಡಿ.

ನಾಲ್ಕು ಹತ್ತಿರ ಬಿದ್ದು ಒಂದು ದೂರ ಹಾರುತ್ತಿದ್ದರೆ ಪಾವಡೆ ನೋಡಿ. ಡಬ್ಬಿ ಬಿದ್ದಾಗ ಅದು ನೆಗ್ಗುತ್ತದೆ. ಗಾಜಿನ ಮೇಲೆ ಉರುಳಿಸಿದರೆ ನೆಗ್ಗಿದ್ದು ಕುಂಟುತ್ತದೆ, ಅದನ್ನು ತೆಗೆದಿಡಿ. ಬೆಳಗಾವಿ ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಏಳುವುದೂ ಉಂಟು. ಅಂಥವನ್ನು ಬಳಸಬೇಡಿ.

ಸೀಸ ವಿಷ ಅನ್ನುವುದು ನೆನಪಿರಲಿ. ಪೆಲೆಟ್‌ಗಳನ್ನು ಬಾಯಲ್ಲಿ ಇಟ್ಟುಕೊಂಡು ಒಂದೊಂದೇ ತೆಗೆಯುವ ಚಟ ಕೆಲವರಿಗಿದೆ, ಮಕ್ಕಳಿಗೆ ಅದು ಅಂಟದಿರಲಿ. ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಚುರುಮುರಿ ಮುಟ್ಟಬೇಕು.

ಸರಿಹೊಂದುವ ಪೆಲೆಟ್ ಸಿಕ್ಕಿತು ಅಂದರೆ ಡಬ್ಬಿಯ ಬ್ಯಾಚ್ ನಂಬರ್ ಬರೆದಿಟ್ಟುಕೊಂಡು ಅದೇ ಬ್ಯಾಚಿನ ಎರಡು ಮೂರು ಡಬ್ಬಿ ಒಟ್ಟಿಗೆ ತರಿಸಿ. ಅದೇ ಹೆಸರಿನ ಡಬ್ಬಿಯಾದರೂ ಬ್ಯಾಚ್ ಬದಲಾದರೆ ಜೋಳದ ಚೀಲ ಮತ್ತೆ ಮೇಜಿನ ಮೇಲೆ ಬರಬೇಕಾದೀತು.